ಮುಲೂಖಿಯಾ ಪಾತ್ರೆಯ ಮೇಲೊಂದು ‘ಹಾ!’

ಬೆಳಗಿನ ಐದು ಗಂಟೆ. ನಮ್ಮ ತಂತಾ ಊರಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಇನ್ಶಿರಾಹ್ ಎರಡು ಹಿಡಿಯ ಬಾಗುಗತ್ತಿ ಹಿಡಿದು ಮುಲೂಖಿಯಾ ಸೊಪ್ಪು ಕೊಚ್ಚುತ್ತಿದ್ದಾರೆ. ಲೋಳೆ ಬರುವವರೆಗೂ ಬಿಡುವವರಲ್ಲ. “ಮಿಕ್ಸಿಗೆ ಹಾಕಿದ್ರೋ, ಕೈ ಮುರೀತೀನಿ!” ಎಂದು ಜೊತೆಯವರನ್ನು ಗದರುತ್ತಾರೆ. ಬಾಯಿ, ಗಂಟಲ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಇಪ್ಪತ್ತೆರಡು ಬಟ್ಟಲು, ಹದಿನೆಂಟು ವರ್ಷದಿಂದ.

ಕಲಿತದ್ದು ಮನೆಯಲ್ಲೇ. ಗಂಡ ಷಾಬಾನ್‌ಗೆ ಅರ್ಧ ನಾಲಿಗೆ ತೆಗೆದ ಮೇಲೆ ರೊಟ್ಟಿ ಗಂಟಲಲ್ಲಿ ನಿಲ್ಲುತ್ತಿತ್ತು, ನೀರು ಕುಡಿದರೆ ಕೆಮ್ಮು. ಜಾರಿ ಇಳಿದದ್ದು ಈ ಸೊಪ್ಪಿನ ಲೋಳೆಸಾರೊಂದೇ. “ಈಗ ಆ ಅರ್ಧ ನಾಲಿಗೇಲೇ ಪೂರ್ತಿ ಜಗಳ ಆಡ್ತಾನೆ, ಅಲ್ಲಾಹನ ದಯೆ!” ಎಂದು ನಗುತ್ತಾರೆ.

ನಮ್ಮಲ್ಲಿ ಮುಲೂಖಿಯಾಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ಮಾಡುವವಳು ಬೆಚ್ಚಿಬಿದ್ದವಳಂತೆ ‘ಹಾ!’ ಎಂದು ಉಸಿರೆಳೆಯಬೇಕು. ಇಲ್ಲದಿದ್ದರೆ ರುಚಿಯಿಲ್ಲ. ಯಾಕೆಂದು ಕೇಳಬೇಡಿ, ನನ್ನ ತಾಯಿಯೂ ಎಳೆಯುತ್ತಿದ್ದಳು.

ವಾರ್ಡಿನ ತಫೀದಾ ಅವರಿಗೆ ಅದೇ ಕೊರಗು. ಧ್ವನಿಪೆಟ್ಟಿಗೆ ತೆಗೆದಿದ್ದಾರೆ, ಉಸಿರಾಟವೆಲ್ಲ ಕತ್ತಿನ ತೂತಿನಿಂದ. ಬಾಯಲ್ಲಿ ಉಣ್ಣಬಹುದೆಂದು ಡಾಕ್ಟರು ಹೇಳಿ ಆರು ದಿನವಾದರೂ ಬಟ್ಟಲು ಮುಟ್ಟಿಲ್ಲ. ಉಣ್ಣದಿದ್ದರೆ ಆಹಾರ ಇಳಿಸುವ ಮೂಗಿನ ನಳಿಕೆ ತೆಗೆಯುವುದಿಲ್ಲ, ಅದನ್ನು ತೆಗೆಯದೆ ಮನೆಗೆ ಕಳಿಸುವುದಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ: “ಹಾ ಅನ್ನೋಕೂ ಆಗದೋಳಿಗೆ ಊಟ ಒಂದು ಕೇಡು.”

“ಏಳೇ, ಸಾಕು ನಾಟಕ!” ಇನ್ಶಿರಾಹ್ ಇವತ್ತು ಅವರನ್ನು ಒಲೆಯ ಹತ್ತಿರಕ್ಕೇ ಎಳೆದು ತಂದಿದ್ದಾರೆ. ಒಗ್ಗರಣೆ ಚೊಂಯ್ ಎನ್ನುತ್ತದೆ. “ಹೂಂ, ಈಗ ಎಳಿ!”

ತಫೀದಾ ಬಾಯಿ ತೆರೆಯುತ್ತಾರೆ. ಸದ್ದು ಬರುವುದು ಮಾತ್ರ ಕತ್ತಿನಿಂದ: ಸುಂಯ್ಕ್!

“ಅಯ್ಯೋ ನಮ್ಮವ್ವಾ! ನಮ್ಮ ಉಸಿರೆಲ್ಲ ಬಾಯಿ ಸುತ್ತಿ ಹೋಗುತ್ತೆ, ನಿಂದು ನೆಟ್ಟಗೆ ಒಳಗೇ ಹೋಯ್ತಲ್ಲೇ!”

ಅಡುಗೆಮನೆಯೆಲ್ಲ ಬಿದ್ದು ಬಿದ್ದು ನಗುತ್ತದೆ. ತಫೀದಾ ಅವರ ಭುಜಗಳೂ ಕುಲುಕುತ್ತಿವೆ. ಸುಳ್ಳೇಕೆ, ನನ್ನ ಕಣ್ಣೂ ಒದ್ದೆಯಾಗಿದೆ.

ಬಟ್ಟಲು ಕೈಗೆ ಬರುತ್ತದೆ. ಒಂದು ಚಮಚ. ನಿಧಾನಕ್ಕೆ ನುಂಗುತ್ತಾರೆ. ಇನ್ನೊಂದು. ಏಳನೆಯದಕ್ಕೆ ಮುಖ ಸಿಂಡರಿಸಿ ಸ್ಲೇಟು ಎಳೆದುಕೊಳ್ಳುತ್ತಾರೆ: “ಉಪ್ಪು ಕಮ್ಮಿ.”

ಪತ್ರಿಕೆಗೊಂದು ಫೋಟೊಗೆ ನಿಲ್ಲಿ ಎಂದು ನಾನು ಕೇಳಿದರೆ ಇನ್ಶಿರಾಹ್ ಆ ಸ್ಲೇಟನ್ನೇ ಮುಖದ ಮುಂದೆ ಹಿಡಿಯುತ್ತಾರೆ.

“ನನ್ನ ಮೋರೆ ಯಾರಿಗೆ ಬೇಕು? ಇದನ್ನ ತೆಗೀರಿ. ನನ್ನ ಅಡುಗೇನ ಬೈದೋರೆಲ್ಲ ಇಲ್ಲಿಂದ ಮನೆಗೆ ಹೋಗಿದ್ದಾರೆ.”