ಗಂಡನ ಹೆಸರು ಹೇಳದ ಅವ್ವ

ನಾ ನರ್ಸ್ ಇರೂ ಆಸ್ಪತ್ರಿಗೆ ಶಹಾಪುರ ಕಡೀಲಿಂದ ಒಬ್ಬಾಕಿ ತನ್ನ ತಾಯೀನ ಕರಕೊಂಡು ಬಂದಿದ್ದಳು. "ಅಪ್ಪ ತೀರಿಕೊಂಡಾಗಿಂದ ಅವ್ವ ಸರಿಯಾಗಿ ಉಣ್ಣಂಗಿಲ್ರಿ."

ಮೈಸೂರು ಕಡೆಯ ಹೊಸ ಡಾಕ್ಟರು ನೆನಪು ನೋಡಾಕ, "ಯಜಮಾನರ ಹೆಸರೇನಜ್ಜಿ?" ಅಂದರು. ಅವ್ವ ಸೆರಗು ಬಾಯಿಗೆ ಹಿಡಿದಳು.

"ಮರೆವು. ವಯಸ್ಸಾಯ್ತಲ್ಲ," ಅಂತ ಅವರು ಮುಂದಿನವರನ್ನ ಕರೆದರು. ನಾ ಬಾಗಿಲಿಗೆ ಅಡ್ಡ ನಿಂತೆ.

"ಈ ಕಡೆ ಗಂಡನ ಹೆಸರು ಬಾಯಿಲೆ ಹೇಳಂಗಿಲ್ರಿ ಸರ." ಅವ್ವನ ಕಡೆ ತಿರುಗಿದೆ. "ಅವರು ಏನ್ ಕೆಲಸ ಮಾಡ್ತಿದ್ರವ್ವ?"

"ಕಾಲುವಿ ಗೇಟ್ ಎತ್ತತಿದ್ರು. ಈಗೂ ನೀರಿನ ಸಪ್ಪಳ ಕೇಳಿದ್ರ ಅವರಿಗೆ ರೊಟ್ಟಿ ಕಟ್ಟಾಕ ಏಳ್ತೀನಿ. ಆಮ್ಯಾಲ ನೆನಪಾಗ್ತದ. ಉಣ್ಣಾಕ ಮನಸಾಗಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ವಯಸ್ಸಾದವರ ಮನಸ್ಸು ನೋಡೋಕೆ ಅದನ್ನೇ ಓದಿದವರು ಬೇಕು, ಸಿಸ್ಟರ್."

"ಅಂಥವರನ್ನ ಕಳಸ್ರಿ ಅಂತ ಮ್ಯಾಲಿನವರಿಗೆ ಬರೀರಿ. ಅವರು ಬರೂತನಕ ಪ್ರತಿ ಸೋಮವಾರ ಮುದುಕರಿಗಂತನ ನಾವು ಕುಂಡ್ರೂಣು."

ಮ್ಯಾಲಿನವರಿಗೆ ಬರದೇವಿ, ಕುಂಡ್ರಾಕತ್ತೇವಿ. ಗಂಡನ ಹೆಸರೊಂದು ಬಿಟ್ಟು ಎಲ್ಲಾ ಕೇಳ್ತೇವಿ.