ನೀರು ಬಿಡುವ ಚನಿಯಪ್ಪಣ್ಣ

ಮಂಡೆಕೋಲಿನ ಚನಿಯಪ್ಪಣ್ಣ ಮೂವತ್ತೊಂದು ವರ್ಷ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆದವರು. ಊರು ಅವರನ್ನು ಬಲ್ಲದ್ದು ಮಾತ್ರ ಬೇರೆ ಕೆಲಸಕ್ಕೆ. ಯಾರದಾದರೂ ಜೀವ ಹೋಗದೆ ಎಳೆದಾಡುತ್ತಿದ್ದರೆ ಅವರಿಗೆ ಕರೆ ಹೋಗುತ್ತಿತ್ತು. ಬಂದು, ಕೈಕಾಲು ತೊಳೆದು, ಮಲಗಿದವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತುಳಸಿ ಹಾಕಿದ ನೀರನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದರು. ಮೂರೇ ಚಮಚ. ಹೆಚ್ಚಿನವರು ಅದೇ ದಿನ, ತಪ್ಪಿದರೆ ಒಂದೆರಡು ದಿನದಲ್ಲಿ ಹೋಗುತ್ತಿದ್ದರು. ಬೇರೆಯವರು ಬಿಟ್ಟರೆ ನೀರು ಕಟವಾಯಿಯಿಂದ ಹೊರಗೆ ಹರಿಯುತ್ತದೆ, ಚನಿಯಪ್ಪಣ್ಣ ಬಿಟ್ಟರೆ ಒಳಗೆ ಇಳಿಯುತ್ತದೆ, ಅದು ಪುಣ್ಯದ ಕೈ ಎಂದು ಹೆಂಗಸರು ಹೇಳುತ್ತಿದ್ದರು.

ನಾನು ಅದೇ ಊರಿನವ, ಜಾಲ್ಸೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಸಿಡುಕ ಎಂದು ನನಗೂ ಹೆಸರುಂಟು. ಜ್ವರಕ್ಕೆ ಅರ್ಧ ಮಾತ್ರೆ ಸಾಕಾ ಎಂದು ಕೇಳುವವರಿಗೆ ನಗುತ್ತಾ ಉತ್ತರಿಸುವಷ್ಟು ತಾಳ್ಮೆ ನನಗೆ ದೇವರು ಕೊಟ್ಟಿಲ್ಲ. ಆದರೆ ಚನಿಯಪ್ಪಣ್ಣನ ಮೇಲೆ ನಾನು ಯಾವತ್ತೂ ಸಿಡುಕಿದವನಲ್ಲ.

ಅವರ ಹೆಂಡತಿ ಸೇವಂತಿಯಕ್ಕ ಸಿಡುಕುತ್ತಿದ್ದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ನನ್ನೆದುರೇ ಗಂಡನನ್ನು ಛೇಡಿಸುತ್ತಿದ್ದರು. ಒಮ್ಮೆ ಹಲಸಿನಕಾಯಿ ಕೊಯ್ಯುತ್ತಾ, ಕೈಗೆ ಎಣ್ಣೆ ಮೆತ್ತಿಕೊಂಡೇ ಹೇಳಿದರು: "ನನ್ನನ್ನು ತುಂಬ ದಿವಸ ಮಲಗಿಸಿಡ್ಬೇಡಿ. ನೀವೇ ನೀರು ಬಿಡ್ಬೇಕು. ಮಗನಿಗೆ ಬಿಡ್ಲಿಕ್ಕೆ ಬರುದಿಲ್ಲ, ಅವ ಪೂರ ಚೆಲ್ತಾನೆ."

"ಆಯ್ತು ಮಾರಾಯ್ತಿ, ನಾನೇ ಬಿಡ್ತೇನೆ" ಎಂದರು ಚನಿಯಪ್ಪಣ್ಣ. ಮೂವರೂ ನಕ್ಕೆವು.

ಹೋದ ವರ್ಷದ ಹಿಂದಿನ ವರ್ಷ, ದೀಪಾವಳಿ ಕಳೆದು ವಾರಕ್ಕೆ ಸೇವಂತಿಯಕ್ಕ ಬಚ್ಚಲಿನಲ್ಲಿ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಪುತ್ತೂರಿನ ಆಸ್ಪತ್ರೆಯಲ್ಲಿ ತಿಂಗಳಿದ್ದು, ಮೂಗಿನಲ್ಲಿ ಒಂದು ಟ್ಯೂಬ್ ಸಮೇತ ಮನೆಗೆ ಬಂದರು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಗಂಜಿನೀರು, ಔಷಧ, ಎಲ್ಲವೂ ಟ್ಯೂಬಿನಲ್ಲೇ. ನೋಡಿಕೊಳ್ಳಲು ನೆಲ್ಯಾಡಿಯ ಕಡೆಯ ಸಾಲಿ ಎಂಬ ಹೋಂ ನರ್ಸ್ ಬಂದಳು. ಹೇಳಿದ್ದನ್ನು ಎರಡನೇ ಸಲ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಬೇಕಾದ ಸಾಮಾನೆಲ್ಲ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ಹೀಗೆ ಹದಿನಾಲ್ಕು ತಿಂಗಳು. ಎಷ್ಟು ಮಗ್ಗುಲು ಬದಲಿಸಿದರೂ ಬೆನ್ನಿನಲ್ಲಿ ಹುಣ್ಣಾಯಿತು.

ಪುತ್ತೂರಿನ ಡಾಕ್ಟರು ಕೊನೆಗೆ ಬಿಡಿಸಿ ಹೇಳಿದರು. ಇನ್ನು ಎಚ್ಚರ ಬರುವುದಿಲ್ಲ. ಮನೆಯವರು ಒಪ್ಪಿದರೆ, ಡಾಕ್ಟರುಗಳ ಎರಡು ತಂಡ ನೋಡಿ ಸರಿ ಎಂದರೆ, ಟ್ಯೂಬ್ ತೆಗೆದು ಮತ್ತೆ ಹಾಕದೆ, ನೋವಿಗೆ ಮಾತ್ರ ಔಷಧ ಕೊಡಬಹುದು. ಕಾನೂನಿನಲ್ಲಿ ಅದಕ್ಕೆ ಅವಕಾಶ ಉಂಟು.

ಸುಳ್ಯದಲ್ಲಿ ವೆಲ್ಡಿಂಗ್ ಶಾಪ್ ಇಟ್ಟ ಮಗ ಉದಯ ತಲೆ ಅಡ್ಡ ಆಡಿಸಿದ. "ಟ್ಯೂಬ್ ತೆಗಿಯುದು ಅಂದ್ರೆ ನಾವೇ ಕೊಂದ ಹಾಗೆ. ಆ ಪಾಪ ನಮಗೆ ಬೇಡ." ಕಬಕದಿಂದ ಬಂದಿದ್ದ ಸೇವಂತಿಯಕ್ಕನ ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ದಾರಿ ತೋರಿಸಿದಳು. "ಭಾವ, ಊರಿಗೆಲ್ಲ ನೀವು ನೀರು ಬಿಟ್ಟವರು. ಅಕ್ಕನಿಗೂ ಮೂರು ಚಮಚ ಬಿಡಿ. ಅವಳ ಜೀವ ಅದಕ್ಕೇ ಕಾಯುದು." ಉದಯನೂ ಹೂಂ ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಆಯಿತಲ್ಲ ಎಂದು ನನಗೆ ಕಂಡಿತು. ತಂದ ಸಾಮಾನು ಇಟ್ಟು ಅಂಗಡಿಗೆ ಹೊರಟೆ.

ಮರುದಿನ ಬೆಳಿಗ್ಗೆ ಚನಿಯಪ್ಪಣ್ಣ ಮಿಂದು, ತುಳಸಿ ಕೊಯ್ದು, ಲೋಟದಲ್ಲಿ ನೀರು ಹಿಡಿದು ಬಂದರಂತೆ. ಸಾಲಿ ಅವರನ್ನು ಬಾಗಿಲಲ್ಲೇ ತಡೆದು ಹಿತ್ತಲಿಗೆ ಕರೆದುಕೊಂಡು ಹೋದಳು. ಬಾಯಿಗೆ ಒಂದು ಹನಿಯೂ ಬೇಡ ಎಂದಳು. ನುಂಗಲು ಆಗದವರಿಗೆ ಬಿಟ್ಟ ನೀರು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರು ಕಟ್ಟಿ ಅಥವಾ ಕಫ ಕಟ್ಟಿ ಹೋಗುತ್ತಾರೆ. ಹೋಗುವವರಿಗೆ ಅದು ಸುಖದ ದಾರಿಯೂ ಅಲ್ಲ ಎಂದಳು. ಎರಡನೇ ಸಲ ಹೇಳಲಿಲ್ಲ.

ಅವರು ನೀರನ್ನು ತುಳಸಿ ಬುಡಕ್ಕೇ ಸುರಿದು, ಬಸ್ಸು ಹತ್ತಿ ನೇರ ನನ್ನ ಅಂಗಡಿಗೆ ಬಂದರು. ಗಿರಾಕಿಗಳು ಹೋಗುವವರೆಗೆ ಬೆಂಚಿನಲ್ಲಿ ಕೂತರು.

"ಸಾಲಿ ಹೇಳಿದ್ದು ಹೌದಾ?"

"ಹೌದು."

"ಎಲ್ಲರಿಗೂ ಹಾಗೆಯೇ ಆಗಿದ್ದಾ?"

"ಎಲ್ಲರಿಗೂ ಅಂತ ಹೇಳ್ಲಿಕ್ಕೆ ಬರುದಿಲ್ಲ. ಕೆಲವರು ಹೇಗೂ ಹೋಗುವವರೇ. ಕೆಲವರಿಗೆ ಆಗಿರ್ಬಹುದು."

"ನಿನ್ನ ಅಪ್ಪನಿಗೆ?"

ಎಂಟು ವರ್ಷದ ಹಿಂದೆ ನನ್ನ ಅಪ್ಪ ಇಪ್ಪತ್ತಮೂರು ದಿನ ಮಲಗಿದ್ದರು. ಇಪ್ಪತ್ತನಾಲ್ಕನೆಯ ದಿನ ಚನಿಯಪ್ಪಣ್ಣನನ್ನು ಕರೆದುಕೊಂಡು ಬಂದವ ನಾನೇ. ನೀರು ಒಳಗೆ ಇಳಿದಾಗ ಅಪ್ಪನ ಗಂಟಲಲ್ಲಿ ಗೊರಗೊರ ಶಬ್ದ ಬಂತು. ಅದು ಎಂಥ ಶಬ್ದ ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಸಂಜೆಗೆ ಅಪ್ಪ ಹೋದರು. ಚನಿಯಪ್ಪಣ್ಣನಿಗೆ ನಾನು ಕೈಮುಗಿದೆ.

"ನನಗೆ ಗೊತ್ತಿತ್ತು ಚನಿಯಪ್ಪಣ್ಣ" ಎಂದೆ. "ಗೊತ್ತಿದ್ದೇ ನಿಮ್ಮನ್ನು ಕರೆದದ್ದು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಅವರು ತಮ್ಮ ಬಲಗೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ರಸ್ತೆ ನೋಡಿದರು. ಕಾಸರಗೋಡಿನ ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು.

"ಹಾಗಾದ್ರೆ ಗೊತ್ತಿಲ್ಲದ್ದು ನನಗೊಬ್ಬನಿಗೆ" ಎಂದರು.

ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಏನೂ ಆಗಲಿಲ್ಲ. ಚೀಟಿ ತಂದವರಿಗೆ ಔಷಧ ಕೊಟ್ಟೆ, ಚನಿಯಪ್ಪಣ್ಣನಿಗೆ ಒಂದು ಚಾ ತರಿಸಿದೆ. ಅವರು ಕುಡಿದರು.

ಮನೆಗೆ ಹೋಗಿ ಅವರು ಎರಡೇ ಮಾತು ಹೇಳಿದರಂತೆ. ನೀರು ಬಿಡುವುದಿಲ್ಲ. ಟ್ಯೂಬಿನ ಕಾಗದಕ್ಕೆ ಸಹಿ ಹಾಕುತ್ತೇನೆ. ಉದಯ ಕೂಗಾಡಿದ, ನಾದಿನಿ ಎದೆ ಬಡಿದುಕೊಂಡಳು. ಸೊಸೆ ಭವಿತಾ ಮಾತ್ರ, "ಅತ್ತೆಯ ಬೆನ್ನು ತೊಳಿಯುದು ನಾನು ಮತ್ತೆ ಸಾಲಿ. ಮಾವ ಹೇಳಿದ ಹಾಗೆ ಆಗ್ಲಿ" ಎಂದಳು. ಆಮೇಲೆ ಉದಯನೂ ಸಹಿ ಹಾಕಿದ, ಅಪ್ಪನ ಮುಖ ನೋಡದೆ.

ಪುತ್ತೂರಿನಲ್ಲಿ ಡಾಕ್ಟರುಗಳು ನೋಡಿದರು, ಕಾಗದಗಳಾದವು, ಟ್ಯೂಬ್ ತೆಗೆದರು. ಅವರ ಒಪ್ಪಿಗೆ ಪಡೆದು, ನೋವಿನ ಔಷಧದೊಂದಿಗೆ ಸೇವಂತಿಯಕ್ಕನನ್ನು ಮನೆಗೆ ತಂದರು. ಒಂಬತ್ತು ದಿನ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ ಒದ್ದೆ ಮಾಡುವುದನ್ನು ಸಾಲಿ ಹೇಳಿಕೊಟ್ಟಳು. ಚನಿಯಪ್ಪಣ್ಣ ಅದನ್ನು ಬೇರೆ ಯಾರಿಗೂ ಬಿಡಲಿಲ್ಲ. ಪ್ರತಿ ಸಲ ಹಿಂಡಿದ ಹತ್ತಿಯನ್ನು ತನ್ನ ಅಂಗೈಗೆ ಒತ್ತಿ, ಹನಿ ಬೀಳುವುದಿಲ್ಲ ಎಂದು ನೋಡಿಯೇ ತುಟಿಗೆ ಹಚ್ಚುತ್ತಿದ್ದರು. ನಾನು ಹೋದ ದಿನ ಪಕ್ಕದಲ್ಲಿ ಕೂತೆ. ನನ್ನ ಹತ್ತಿರ ಮೆಲ್ಲ ಹೇಳಿದರು: "ಇವಳು ಕೇಳಿದ್ದು ಇದನ್ನಲ್ಲ. ಕೇಳಿದ್ದನ್ನು ಕೊಡ್ಲಿಕ್ಕೆ ಕೈ ಬರುದಿಲ್ಲ. ಗೊತ್ತಾದ ಮೇಲೆ ಬರುದಿಲ್ಲ."

ಹತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸೇವಂತಿಯಕ್ಕ ಹೋದರು. ಸಾಲಿ ನಾಡಿ ನೋಡಿ ಕಣ್ಣು ಮುಚ್ಚಿಸಿದಳು.

ಊರಿನ ಬಾಯಿ ಮುಚ್ಚಿಸುವವರು ಯಾರು? ಹೆಂಡತಿಯನ್ನು ಉಪವಾಸ ಹಾಕಿ ಕೊಂದ ಎಂದರು. ಅದನ್ನು ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಹಿಂದೆ ಆ ಪುಣ್ಯದ ಕೈಯನ್ನು ಹುಡುಕಿಕೊಂಡು ಬಂದವರು. ಆದರೂ ಉತ್ತರಕ್ರಿಯೆಯ ಊಟಕ್ಕೆ ಎಲ್ಲರೂ ಬಂದರು. ಊಟ ಬಿಡುವ ಊರಲ್ಲ ನಮ್ಮದು.

ಪಂಕ್ತಿ ಕೂತಿತ್ತು. ಚನಿಯಪ್ಪಣ್ಣ ಎಲ್ಲರನ್ನೂ ವಿಚಾರಿಸುತ್ತಾ ಬರುತ್ತಿದ್ದರು. ಕಬಕದ ನಾದಿನಿ ಎಲೆಯ ಮುಂದಿನಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಊರಿಡೀ ನೀರು ಬಿಟ್ರಿ ಭಾವ. ನನ್ನ ಅಕ್ಕನನ್ನು ಮಾತ್ರ ಒಣಗಿಸಿ ಕಳಿಸಿದ್ರಿ."

ಬಡಿಸುವವರೂ ನಿಂತರು.

"ಹೌದು" ಎಂದರು ಚನಿಯಪ್ಪಣ್ಣ. "ಸಾರು ಹಾಕಿಸಿಕೊಳ್ಳಿ."

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟೋ ದಿನದ ನಂತರ ನನಗೆ ಏನೋ ಒಂದು ಆದದ್ದು ಆಗಲೇ. ಎದ್ದು ಅವರ ಹತ್ತಿರ ಹೋದೆ. "ಯಾಕೆ ಸುಮ್ಮನಿರುದು ನೀವು? ನೀರು ಯಾಕೆ ಬಿಡ್ಲಿಲ್ಲ ಅಂತ ಇವತ್ತು ಹೇಳಿಬಿಡಿ. ನೀವು ಹೇಳದಿದ್ರೆ ನಾನು ಹೇಳ್ತೇನೆ."

ಅವರು ನನ್ನ ತೋಳು ಹಿಡಿದು ಪಂಕ್ತಿಯ ಕಡೆಗೆ ತಿರುಗಿಸಿದರು. ಧ್ವನಿ ಏರಿಸಲಿಲ್ಲ.

"ಇದರಲ್ಲಿ ನಾನು ನೀರು ಬಿಡದ ಮನೆಯವರು ಯಾರಿದ್ದಾರೆ, ನೋಡು. ಅವರಿಗೆ ಮಾತ್ರ ಹೇಳು."

ನಾನು ಆ ಕೊನೆಯಿಂದ ಈ ಕೊನೆಗೆ ನೋಡಿದೆ. ನಂತರ ನನ್ನ ಎಲೆಯ ಮುಂದೆ ಹೋಗಿ ಕೂತೆ.