ಹೂಂಗುಟ್ಟುವವನು

ಕೊಪ್ಪೆನಾಮ ನದಿಯ ಕ್ವಿಂಟಿ ಜನರಲ್ಲಿ ಕೂಟದ ಮಾತು ಒಬ್ಬನದಲ್ಲ. ಊರ ಯಜಮಾನನಾದ ಕಪಿತಾನ ಒಂದು ಮಾತಾಡಿ ನಿಲ್ಲಿಸಿದರೆ ಪಕ್ಕದಲ್ಲಿ ಕೂತವನು "ಹಂಗೇ ಹೌದು" ಎನ್ನಬೇಕು. ಓಗೊಡುವವರಿಲ್ಲದ ಮಾತು ಸತ್ತ ಹಿರಿಯರಿಗೆ ಮುಟ್ಟುವುದಿಲ್ಲ. ಮೂವತ್ತು ವರ್ಷ ಮದುವೆಗೂ ಜಗಳಕ್ಕೂ ಸಾವಿಗೂ ಹೂಂಗುಟ್ಟಿದವನು ಅಲೆಂಡಿ. ದೋಣಿ ಕೆತ್ತುವ ಗೆಳೆಯ ದೋಫೆ ರೇಗಿಸುತ್ತಿದ್ದ: "ನಿನ್ನ ಹೆಂಡ್ತಿ ನಿನ್ನೇ ಮಂಗ ಅಂದ್ರೂ 'ಹಂಗೇ ಹೌದು' ಅಂತೀಯ ಕಣೋ."

ಹನ್ನೆರಡು ವರ್ಷದ ಹಿಂದೆ, ಕಾಡು ಕಡಿದು ಸುಟ್ಟು ಮರಗೆಣಸು ಹಾಕುವ ಕಾಲ. ಅಲೆಂಡಿ ಗಾಳಿ ನೋಡದೆ ತನ್ನ ಹೊಲಕ್ಕೆ ಬೆಂಕಿಯಿಟ್ಟ. ಅದು ಪಕ್ಕದ ದೋಫೆಯ ಹೊಲಕ್ಕೆ ಹಾರಿ, ಬಿದ್ದ ಮರದಡಿ ಮಲಗಿದ್ದ ಹೆಬ್ಬಾವನ್ನು ಸುಟ್ಟಿತು. ಹೆಬ್ಬಾವೆಂದರೆ ದೈವದ ಮೈ. ಸುಟ್ಟವನ ತಾಯಿಯ ಕಡೆಯವರಿಗೆಲ್ಲ ಅದರ ಮುನಿಸು ತಟ್ಟುತ್ತದೆ. ಹೊಲ ದೋಫೆಯದು, ಬೆಂಕಿಯೂ ಅವನದೇ ಎಂದು ಕಪಿತಾನ ಕೂಟದಲ್ಲಿ ಹೇಳಿದ. ಅಲೆಂಡಿಯ ನಾಲಿಗೆ, ರೂಢಿಯಿಂದಲೋ ಹೆದರಿಕೆಯಿಂದಲೋ, "ಹಂಗೇ ಹೌದು" ಎಂದಿತು. ದೋಫೆ ಅವನ ಮುಖ ನೋಡಿ ಸುಮ್ಮನಾದ.

ಆಮೇಲೆ ದೋಫೆಗೆ ಯಾರೂ ಹೆಣ್ಣು ಕೊಡಲಿಲ್ಲ. ಅವನ ಅಕ್ಕ ಅಫಿಬಾಳ ಎರಡು ಕೂಸು ತೀರಿಕೊಂಡಾಗ ಊರೆಲ್ಲ ಅವನತ್ತಲೇ ನೋಡಿತು. ಅಲೆಂಡಿ ಹಿಡಿದ ಮೀನಿನಲ್ಲಿ ದಪ್ಪದ್ದನ್ನೇ ಅವನಿಗೆ ಕೊಡುತ್ತಿದ್ದ. ಆ ಮಾತು ಮಾತ್ರ ಎತ್ತಲಿಲ್ಲ.

ಈ ಮಳೆಗಾಲದಲ್ಲಿ ದೋಫೆ ಜ್ವರದಿಂದ ಹೋದ. ಸತ್ತ ಹಿರಿಯರನ್ನು ಕರೆಯುವ, ಬಿಳಿ ಬಟ್ಟೆ ಕಟ್ಟಿದ ಕಂಬದ ಬುಡಕ್ಕೆ ಕಪಿತಾನ ಸೋರೆಬುರುಡೆಯಿಂದ ನೀರು ಸುರಿಯುತ್ತ, ಗುಲಾಮಗಿರಿಯ ಕಾಲದಲ್ಲಿ ಒಡೆಯರ ಚಾಟಿಯಿಂದ ತಪ್ಪಿಸಿಕೊಂಡು ನದಿ ಹಿಡಿದು ಬಂದ ಅಜ್ಜಿಯರನ್ನು ಹೆಸರು ಹಿಡಿದು ಕರೆದ. ಒಂದೊಂದು ಹೆಸರಿಗೂ ಅಲೆಂಡಿ ಓಗೊಟ್ಟ.

"ಹೆಬ್ಬಾವು ಸುಟ್ಟ ಈ ಮಗನ್ನ ಕ್ಷಮಿಸಿ ಕರ್ಕೊಳ್ರವ್ವಾ" ಎಂದ ಕಪಿತಾನ.

ಅಲೆಂಡಿ ಓಗೊಡಲೆಂದು ನೀರು ಸುರಿಯುವುದನ್ನು ನಿಲ್ಲಿಸಿ ಕಾದ.

"ಅಲ್ಲ" ಎಂದ ಅಲೆಂಡಿ, ನೆಲ ನೋಡುತ್ತ. "ಬೆಂಕಿ ನಂದು."

ಈಗ ಮಾತು ಅವನದಾಗಿತ್ತು, ಓಗೊಡುವವರೇ ಇರಲಿಲ್ಲ. ಆಡಿದ್ದು ಅವನ ಕಾಲ ಬುಡದಲ್ಲೇ ಬಿದ್ದಿತ್ತು. ಹೆಂಗಸರ ಸಾಲಿನಿಂದ, ಅವನತ್ತ ನೋಡದೆ, ಅಫಿಬಾ "ಹಂಗೇ ಹೌದು" ಎಂದಳು.

ಗಾಳಿ ನೋಡಲಿಲ್ಲ ಎಂದ. ಹಂಗೇ ಹೌದು. ದೋಫೆ ಸುಮ್ಮನಿದ್ದದ್ದು ನನ್ನ ಉಳಿಸೋಕೆ ಎಂದ. ಹಂಗೇ ಹೌದು.

"ನನ್ನಂಥ ಗೆಳೆಯ ಯಾರಿಗೂ ಬೇಡ."

"ಹಂಗೇ ಹೌದು." ಅವಳ ದನಿ ಅದಕ್ಕೂ ತಡವರಿಸಲಿಲ್ಲ.

ಕಪಿತಾನ ಬುರುಡೆಗೆ ಹೊಸ ನೀರು ತುಂಬಿಸಿಕೊಂಡು ಹೆಬ್ಬಾವಿನ ಮಾತಿಲ್ಲದೆ ದೋಫೆಯ ಹೆಸರು ಹಿಡಿದು ಹಿರಿಯರನ್ನು ಮೊದಲಿನಿಂದ ಬೇಡಿದ. ಓಗೊಡಲು ಅಲೆಂಡಿ ಬಾಯಿ ತೆರೆದ. ಅಷ್ಟರಲ್ಲಿ ಅಫಿಬಾ ಓಗೊಟ್ಟಾಗಿತ್ತು.